ನಾಲ್ಕು ಅಂಗಡಿ ನೋಡಿ ವಜ್ರದ ಓಲೆ ಕೊಳ್ಳುವುದು ತಪ್ಪೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ವೈಶಾಖದಲ್ಲಿ ಮಗಳ ಮದುವೆ. ಏಳು ಕಲ್ಲಿನ ವಜ್ರದ ಓಲೆ ಕೊಡಿಸಬೇಕೆಂದು ಚಿಕ್ಕಮಗಳೂರಿನ ಒಂದು ಅಂಗಡಿಗೆ ಹೋದೆ. ನಮ್ಮತ್ತೆಯವರ ಕಾಲದಿಂದ ನಮ್ಮ ಮನೆಯ ಚಿನ್ನವೆಲ್ಲ ಅಲ್ಲಿಯದೇ. ಕೂರಿಸಿ, ಕಾಫಿ ತರಿಸಿ, ಎರಡು ಜೊತೆ ತೋರಿಸಿ, ಒಟ್ಟು 1.40 ಕ್ಯಾರೆಟ್ ಎಂದು ಚೀಟಿಯಲ್ಲಿ ಎಸ್ಟಿಮೇಟ್ ಬರೆದುಕೊಟ್ಟರು. ಮಗ ‘ಇನ್ನೆರಡು ಕಡೆ ನೋಡೋಣ ಅಮ್ಮ’ ಎಂದ. ಊರಿನ ದೊಡ್ಡ ಶೋರೂಮಿಗೆ ಹೋದಾಗ ಆ ಚೀಟಿ ತೋರಿಸಿಬಿಟ್ಟೆ. ಅಲ್ಲಿನ ಹುಡುಗ ಅದರ ಫೋಟೊ ತೆಗೆದುಕೊಂಡು ‘ಇದಕ್ಕಿಂತ ಕಡಿಮೆಗೆ ಕೊಡ್ತೀವಿ ಮೇಡಂ’ ಎಂದ. ಎರಡೇ ದಿನದಲ್ಲಿ ಹಳೆಯ ಅಂಗಡಿಯವರಿಗೆ ಗೊತ್ತಾಗಿದೆ. ಅವರು ಏನೂ ಅನ್ನಲಿಲ್ಲ, ನನಗೇ ಮುಖ ತೋರಿಸಲು ಸಂಕೋಚ. ಬೇರೆ ಕಡೆ ವಿಚಾರಿಸುವುದು ತಪ್ಪೇ? ಹೇಳಿ ಹೋಗಬೇಕೇ? ಅವರ ಓಲೆಯನ್ನು ಶೋರೂಮಿನಲ್ಲಿ ಪರೀಕ್ಷೆ ಮಾಡಿಸಬಹುದೇ? ‘ಮೂರು ದಿನ ಮನೆಯಲ್ಲಿಟ್ಟುಕೊಂಡು ಆಗಿಬರುತ್ತದಾ ನೋಡಿ’ ಎಂದೂ ಹೇಳಿದ್ದಾರೆ. ತಂದು ವಾಪಸ್ ಕೊಟ್ಟರೆ ಮರ್ಯಾದೆಯೇ? ಒಂದೇ 1.40 ಕ್ಯಾರೆಟ್‌ಗೆ ಇಷ್ಟು ಬೆಲೆ ವ್ಯತ್ಯಾಸ ಹೇಗೆ, ಯಾರು ಮೋಸ ಮಾಡುತ್ತಿದ್ದಾರೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟ ಒಟ್ಟಿಗೆ ಸೇರಿವೆ. ಬೇರೆ ಅಂಗಡಿಗೆ ಹೋದದ್ದು ಒಂದು, ಚೀಟಿ ತೋರಿಸಿದ್ದು ಇನ್ನೊಂದು. ಮೊದಲನೆಯದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಎರಡನೆಯದು ಮಾಡಬಾರದಿತ್ತು, ಆದರೆ ಸರಿಪಡಿಸಲಾಗದಂಥದ್ದೇನಲ್ಲ.

ನೀವು ಬೆಳೆಗಾರರು. ಕಾಫಿ ಮಾರುವ ಮುಂಚೆ ಸ್ಯಾಂಪಲ್ ಹಿಡಿದು ಎರಡು ಮೂರು ಕಡೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜದ ಪಾಲು) ನೋಡಿಸಿ, 50 ಕೆ.ಜಿ. ಮೂಟೆಗೆ ಏನು ರೇಟು ಎಂದು ಕೇಳಿಯೇ ಕೊಡುತ್ತೀರಿ. ಯಾವ ವ್ಯಾಪಾರಿಯೂ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಹಣ ಕೊಡುವಾಗಲೂ ಹಾಗೆಯೇ. ನಾನು ಕೌಂಟರಿನ ಆಚೆ ಕೂತು ವ್ಯಾಪಾರ ಮಾಡಿದ್ದೇನೆ, ಈಗ ಹರಳು ಪರೀಕ್ಷೆಯೇ ಕೆಲಸ. ಗಿರಾಕಿ ನಾಲ್ಕು ಕಡೆ ನೋಡುತ್ತಾರೆಂಬುದು ವಜ್ರದ ವ್ಯಾಪಾರಿಗೆ ಗೊತ್ತಿರುತ್ತದೆ. ಕುಡಿಸಿದ ಕಾಫಿಯ ಋಣ ಅವರ ಲೆಕ್ಕದಲ್ಲಿ ಇರುವುದೇ ಇಲ್ಲ, ನೀವೂ ಇಟ್ಟುಕೊಳ್ಳಬೇಡಿ.

ಅವರಿಗೆ ನಿಜವಾಗಿ ಭಾರವಾಗುವುದು ಬೇರೆ. ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಎಲ್ಲ ಅಳತೆಯ, ಎಲ್ಲ ದರ್ಜೆಯ ವಜ್ರ ಸ್ಟಾಕ್ ಇರುವುದು ಕಡಿಮೆ. ನೀವು ‘ಇನ್ನೂ ಬಿಳಿ ಬೇಕು, ಇನ್ನೊಂಚೂರು ದೊಡ್ಡದು ಬೇಕು’ ಎಂದಾಗ ಅವರು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಜಾಂಗಡ್ ಮೇಲೆ ತರಿಸುತ್ತಾರೆ. ಜಾಂಗಡ್ ಎಂದರೆ ಹಣ ಕೊಡದೆ, ಚೀಟಿಗೆ ಸಹಿ ಹಾಕಿ, ಗಿರಾಕಿಗೆ ತೋರಿಸಲೆಂದು ಮಾಲು ತರುವುದು. ವಾಪಸ್ ಮುಟ್ಟುವ ತನಕ ಆ ಕಲ್ಲಿನ ಪೂರ್ತಿ ಹೊಣೆ ಅಂಗಡಿಯವರದು. ಕಳೆದರೆ, ಅಂಚು ಮುಕ್ಕಾದರೆ ಅವರೇ ಕಟ್ಟಿಕೊಡಬೇಕು. ಹೀಗೆ ತರಿಸಲು ಹೇಳಿ, ಆಮೇಲೆ ಫೋನ್ ಎತ್ತದಿದ್ದರೆ ಅವರಿಗೆ ನೋವಾಗುತ್ತದೆ, ಮಾಲು ಕೊಟ್ಟವರ ಮುಂದೆ ಹೆಸರೂ ಕೆಡುತ್ತದೆ. ಆದ್ದರಿಂದ ಸ್ಟಾಕ್‌ನಲ್ಲಿ ಇರುವುದನ್ನು ಎಷ್ಟು ಅಂಗಡಿಯಲ್ಲಿ ಬೇಕಾದರೂ ನೋಡಿ. ತರಿಸಿಕೊಡಿ ಎಂದು ಹೇಳುವುದು ಮಾತ್ರ ಒಂದು ಅಂಗಡಿಗೆ, ಹೆಚ್ಚೆಂದರೆ ಎರಡಕ್ಕೆ. ಇದರಲ್ಲಿ ನಿಮ್ಮ ಹಿತವೂ ಇದೆ. ಮೂರು ಅಂಗಡಿಗೆ ಒಂದೇ ಬೇಡಿಕೆ ಕೊಟ್ಟರೆ ಮೂವರೂ ಒಬ್ಬನೇ ಸಗಟು ವ್ಯಾಪಾರಿಯ ಬಳಿ, ಒಂದೇ ಕಲ್ಲಿಗೆ ವಿಚಾರಿಸುವುದುಂಟು. ಆಗ ಆತನಿಗೆ ಆ ಕಲ್ಲಿಗೆ ಗಿರಾಕಿ ಜಾಸ್ತಿ ಎಂದು ಕಾಣುತ್ತದೆ, ಬೆಲೆ ಬಿಗಿಯಾಗುತ್ತದೆ.

ಹೇಳಿ ಹೋಗಬೇಕೇ ಎಂದಿದ್ದೀರಿ. ಹೇಳಿ, ಅದೂ ಮೊದಲ ಐದು ನಿಮಿಷದಲ್ಲೇ. ‘ವಜ್ರ ಮೊದಲ ಸಲ ತಗೊಳ್ತಿದ್ದೀವಿ, ಇನ್ನೆರಡು ಕಡೆ ನೋಡಿ ತೀರ್ಮಾನ ಮಾಡ್ತೀವಿ, ಇವತ್ತು ಅಡ್ವಾನ್ಸ್ ಕೊಡಲ್ಲ’ ಎಂದರೆ ಸಾಕು. ಒಳ್ಳೆಯ ವ್ಯಾಪಾರಿ ಆಮೇಲೂ ಅಷ್ಟೇ ತಾಳ್ಮೆಯಿಂದ ತೋರಿಸುತ್ತಾನೆ. ‘ಇವತ್ತೇ ಬುಕ್ ಮಾಡಿದರೆ ಮಾತ್ರ ಈ ರೇಟು’ ಎಂದು ಒತ್ತಾಯ ಶುರುವಾದರೆ ಆ ಅಂಗಡಿಯ ಬಗ್ಗೆ ತಿಳಿಯಬೇಕಾದ್ದು ತಿಳಿದಂತಾಯಿತು. ಚಿನ್ನದ ರೇಟು ದಿನಾ ಬದಲಾಗುತ್ತದೆ, ನಿಜ. ವಜ್ರದ ಬೆಲೆ ರಾತ್ರಿ ಬೆಳಗಾಗುವುದರಲ್ಲಿ ಏರುವಂಥದ್ದಲ್ಲ.

ಇನ್ನು ಆ ಚೀಟಿ. ಅದು ಹಳೆಯ ಅಂಗಡಿಯವರು ತಮ್ಮ ಕಲ್ಲಿಗೆ, ನಿಮ್ಮ ಮೇಲಿನ ವಿಶ್ವಾಸದಿಂದ ಬರೆದ ಲೆಕ್ಕ. ಮರ್ಯಾದೆಯ ಮಾತು ಹಾಗಿರಲಿ, ಅದನ್ನು ಬೇರೆಯವರ ಮುಂದಿಟ್ಟರೆ ನಷ್ಟ ನಿಮಗೇ. ಶೋರೂಮಿನ ಹುಡುಗ ನೋಡುವುದು ಕೊನೆಯ ಸಾಲಿನ ಮೊತ್ತವನ್ನು. ಅದಕ್ಕಿಂತ ಕಡಿಮೆ ತೋರಿಸುವುದು ಕಷ್ಟವಲ್ಲ: ಬಣ್ಣದಲ್ಲಿ ಒಂದು ಮೆಟ್ಟಿಲು ಇಳಿಸಿದರೆ, ಸ್ವಚ್ಛತೆಯಲ್ಲಿ ವಿಎಸ್ ದರ್ಜೆಯ ಬದಲು ಅದಕ್ಕಿಂತ ಕೆಳಗಿನ ಎಸ್‌ಐ ಹಾಕಿದರೆ, ನಡುವಿನ ಕಲ್ಲು ಕೊಂಚ ಸಣ್ಣದು ಮಾಡಿದರೆ ಮೊತ್ತ ತಾನಾಗಿ ಇಳಿಯುತ್ತದೆ. ಓಲೆ ನೋಡಲು ಹಾಗೇ ಇರುತ್ತದೆ. ನೀವು ಉಳಿಸಿದೆ ಎಂದುಕೊಂಡ ಹಣಕ್ಕೆ ಕಡಿಮೆ ದರ್ಜೆಯ ಕಲ್ಲು ಬಂದಿರುತ್ತದೆ.

ಆದ್ದರಿಂದ ಬೇರೆಯವರ ಚೀಟಿ ಬೇಡ, ನಿಮ್ಮದೇ ಚೀಟಿ ಮಾಡಿಕೊಳ್ಳಿ. ಅದರಲ್ಲಿ ಬೆಲೆಯೂ ಬೇಡ, ಅಂಗಡಿಯ ಹೆಸರೂ ಬೇಡ. ಸಹಜ ವಜ್ರ, ಒಂದು ಓಲೆಗೆ ಏಳು ಕಲ್ಲು, ಪ್ರತಿ ಕಲ್ಲು 10 ಸೆಂಟು (ಕ್ಯಾರೆಟ್‌ನ ಹತ್ತನೇ ಒಂದು ಪಾಲು), ಬಣ್ಣ ಜಿ-ಎಚ್ (ಹೆಚ್ಚುಕಡಿಮೆ ಬಿಳಿ), ಸ್ವಚ್ಛತೆ ವಿಎಸ್, ಕಂದು ಅಥವಾ ಹಾಲಿನ ಛಾಯೆ ಇರಬಾರದು, 18 ಕ್ಯಾರೆಟ್ ಚಿನ್ನ, ಓಪನ್ ಸೆಟ್ಟಿಂಗ್ (ಕಲ್ಲಿನ ಹಿಂಬದಿ ತೆರೆದಿರುವುದು), ತಿರುಪು. ಇಷ್ಟನ್ನೇ ಎಲ್ಲ ಕಡೆ ಕೇಳಿ, ಉತ್ತರವನ್ನು ಒಂದೇ ಕ್ರಮದಲ್ಲಿ ಬರೆದುಕೊಳ್ಳಿ: ವಜ್ರಕ್ಕೆ ಕ್ಯಾರೆಟ್‌ಗೆ ಎಷ್ಟು, ಚಿನ್ನದ ನಿವ್ವಳ ತೂಕ ಎಷ್ಟು, ಯಾವ ರೇಟು, ಮೇಕಿಂಗ್ ಎಷ್ಟು, ಜಿಎಸ್‌ಟಿ ಎಷ್ಟು, ಮುಂದೆ ವಾಪಸ್ ಕೊಟ್ಟರೆ ಎಷ್ಟು.

ಹೀಗೆ ಬಿಡಿಸಿದಾಗ ‘ಒಂದೇ 1.40 ಕ್ಯಾರೆಟ್’ ಒಂದೇ ಅಲ್ಲ ಎಂದು ಕಾಣುತ್ತದೆ. ಒಂದು ಕ್ಯಾರೆಟ್ ಎಂದರೆ 100 ಸೆಂಟು. 10 ಸೆಂಟಿನ 14 ಕಲ್ಲು ಸೇರಿದರೆ 1.40 ಕ್ಯಾರೆಟ್. ನಡುವೆ 28 ಸೆಂಟಿನ ಒಂದು, ಸುತ್ತ 7 ಸೆಂಟಿನ ಆರು ಕೂರಿಸಿದರೂ ಒಂದು ಓಲೆಗೆ 70 ಸೆಂಟು, ಎರಡೂ ಓಲೆ ಸೇರಿ 1.40 ಕ್ಯಾರೆಟ್ಟೇ. ಆದರೆ ವಜ್ರದಲ್ಲಿ ಬಿಡಿ ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್‌ನ ದರವೇ ಏರುತ್ತದೆ. ಹಾಗಾಗಿ ಈ ಎರಡು ಜೊತೆಗಳ ಬೆಲೆ ಬೇರೆ ಆಗಲೇಬೇಕು. ಅಲ್ಲಿ ಮೋಸದ ಮಾತೇ ಇಲ್ಲ, ಒಟ್ಟು ತೂಕವೊಂದನ್ನೇ ಹಿಡಿದು ಹೋಲಿಸಿದ್ದರಿಂದ ಆದ ಗೊಂದಲ ಅದು.

ತೂಕದ ಜೊತೆ ಅಗಲವನ್ನೂ ಕೇಳಿ. ಸರಿಯಾಗಿ ಕಟ್ ಮಾಡಿದ 10 ಸೆಂಟಿನ ದುಂಡು ಕಲ್ಲು ಸುಮಾರು 3 ಮಿ.ಮೀ. ಅಗಲ ಇರುತ್ತದೆ. ತಳ ಆಳವಾಗಿ ಉಳಿಸಿ ಕಟ್ ಮಾಡಿದ್ದರೆ ಅದೇ ತೂಕಕ್ಕೆ ಅಗಲ ಕಡಿಮೆ, ಹೊಳಪೂ ಕಡಿಮೆ. ಕಿವಿಯಲ್ಲಿ ಕಾಣದ ತೂಕಕ್ಕೆ ದುಡ್ಡು ಕೊಟ್ಟ ಹಾಗೆ. ನಾನು ನೋಡಿದಂತೆ ನಮ್ಮ ಜನ ಸ್ವಚ್ಛತೆಯ ದರ್ಜೆಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ಕಟ್‌ಗೆ ಕೊಡುವುದಿಲ್ಲ. ವಜ್ರ ಮಿಂಚುವುದು ಕಟ್‌ನಿಂದ. ವಿಎಸ್‌ಗಿಂತ ಮೇಲಿನ ದರ್ಜೆಯಾದ ವಿವಿಎಸ್‌ಗೂ ವಿಎಸ್‌ಗೂ ಇರುವ ವ್ಯತ್ಯಾಸ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ಹುಡುಕಬೇಕು, ಛತ್ರದಲ್ಲಿ ಎದುರು ನಿಂತ ನೆಂಟರಿಗೆ ಕಾಣದು. ಹತ್ತು ಸೆಂಟಿನ ಕಲ್ಲಿಗೆ ವಿವಿಎಸ್ ಬೇಕೇ ಬೇಕೆಂದು ಹೆಚ್ಚು ಹಣ ಕೊಡುವುದಕ್ಕಿಂತ ಅದೇ ಹಣವನ್ನು ಒಳ್ಳೆಯ ಕಟ್‌ಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸರ್ಟಿಫಿಕೇಟ್ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಬಿಡಿ ಕಲ್ಲಿಗೆ ಕೊಡುವ ವರದಿ ಬೇರೆ, ಕೂರಿಸಿದ ಒಡವೆಗೆ ಕೊಡುವ ವರದಿ ಬೇರೆ. ನಿಮ್ಮಂಥ ಏಳು ಕಲ್ಲಿನ ಓಲೆಗೆ ಸಾಮಾನ್ಯವಾಗಿ ಸಿಗುವುದು ಎರಡನೆಯದು. ಕಲ್ಲು ಚಿನ್ನದಲ್ಲಿ ಕೂತ ಮೇಲೆ ಎಲ್ಲ ಕಡೆಯಿಂದ ನೋಡಲಾಗದು, ಹಾಗಾಗಿ ‘ಜಿ-ಎಚ್, ವಿಎಸ್’ ಎಂದು ಒಂದು ವ್ಯಾಪ್ತಿಯಷ್ಟೇ ಬರೆದಿರುತ್ತದೆ. ಆ ವ್ಯಾಪ್ತಿಯ ಮೇಲ್ತುದಿಯ ಕಲ್ಲೂ ಕೆಳತುದಿಯ ಕಲ್ಲೂ ಅದೇ ಕಾಗದದಡಿ ಬರುತ್ತವೆ. ಪ್ರಯೋಗಾಲಯಗಳೆಲ್ಲ ಒಂದೇ ಬಿಗಿಯಲ್ಲಿ ದರ್ಜೆ ಕೊಡುವುದಿಲ್ಲ ಎಂಬುದೂ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು. ಆದ್ದರಿಂದ ಹೋಲಿಸುವಾಗ ಒಂದೇ ಪ್ರಯೋಗಾಲಯದ ವರದಿ ಇರುವ ಎರಡನ್ನು ಹೋಲಿಸಿ. ಜಿಐಎ, ಐಜಿಐ ಎಂಬ ಎರಡು ಪ್ರಯೋಗಾಲಯಗಳ ವರದಿ ಸಂಖ್ಯೆಯನ್ನೂ ಅವರವರ ಜಾಲತಾಣದಲ್ಲಿ ಹಾಕಿ ನೋಡಬಹುದು. ದೊಡ್ಡ ಬಿಡಿ ಕಲ್ಲಾದರೆ ಅದರ ನಡುಪಟ್ಟಿಯ ಮೇಲೆ ಲೇಸರ್‌ನಲ್ಲಿ ಕೆತ್ತಿದ ಸಂಖ್ಯೆಯನ್ನು ಲೂಪ್‌ನಲ್ಲಿ ತೋರಿಸಿ ಎಂದು ಕೇಳಿ. ಕೂದಲೆಳೆಗಿಂತ ಸಣ್ಣ ಅಕ್ಷರ, ಕಲ್ಲನ್ನು ಓರೆ ಮಾಡಿದಾಗ ತಟ್ಟನೆ ಓದಲು ಸಿಗುತ್ತದೆ. ಅದು ಕಾಗದದ ಸಂಖ್ಯೆಗೆ ತಾಳೆಯಾಗಬೇಕು. ಇದನ್ನು ಕೇಳುವುದು ಅನುಮಾನ ಪಟ್ಟ ಹಾಗಲ್ಲ, ಕೇಳದವರೇ ಅಪರೂಪ.

ಚಿನ್ನದ ಲೆಕ್ಕ ಚಿಕ್ಕದು, ಆದರೆ ಅಲ್ಲೇ ಹಣ ಸೋರುವುದು. ಒಂದು ಕ್ಯಾರೆಟ್ ವಜ್ರ 0.2 ಗ್ರಾಂ. ಓಲೆಯ ಒಟ್ಟು ತೂಕ 8.28 ಗ್ರಾಂ, ವಜ್ರ 1.40 ಕ್ಯಾರೆಟ್ ಎಂದರೆ 0.28 ಗ್ರಾಂ ಕಳೆದು 8 ಗ್ರಾಂ ಚಿನ್ನಕ್ಕೆ ಮಾತ್ರ ಬೆಲೆ ಹಾಕಬೇಕು. ವಜ್ರದ ಒಡವೆ ಹೆಚ್ಚಾಗಿ 18 ಕ್ಯಾರೆಟ್ ಚಿನ್ನದ್ದು (ಚಿನ್ನದಲ್ಲಿ ಕ್ಯಾರೆಟ್ ಎಂದರೆ ತೂಕವಲ್ಲ, ಶುದ್ಧತೆ). ಅದಕ್ಕೆ 22 ಕ್ಯಾರೆಟ್‌ನ ರೇಟು ಹಾಕಿದರೆ ಚಿನ್ನಕ್ಕೆ ಸುಮಾರು ಶೇ 22ರಷ್ಟು ಹೆಚ್ಚು ಕೊಟ್ಟಂತೆ. ಒಡವೆಯ ಮೇಲೆ 750 ಮುದ್ರೆ (ಸಾವಿರದಲ್ಲಿ 750 ಪಾಲು ಚಿನ್ನ), ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಅಲ್ಲೇ ನೋಡಿಕೊಳ್ಳಿ. ಹಾಲ್‌ಮಾರ್ಕ್ ಇದೆ ಎಂದರೆ ವಜ್ರಕ್ಕೂ ಸರ್ಕಾರದ ಖಾತರಿ ಇದೆ ಎಂದು ತಿಳಿದವರಿದ್ದಾರೆ. ಆ ಮುದ್ರೆ ಚಿನ್ನಕ್ಕೆ ಮಾತ್ರ. ಒಡವೆಗೆ ಜಿಎಸ್‌ಟಿ ಶೇ 3. ‘ಬಿಲ್ ಬೇಡವೆಂದರೆ ಅಷ್ಟು ಉಳಿಯುತ್ತೆ’ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯನ್ನು ಪಟ್ಟಿಯಿಂದಲೇ ತೆಗೆಯಿರಿ. ಬಿಲ್ ಇಲ್ಲದ ವಜ್ರಕ್ಕೆ ನಾಳೆ ವಿನಿಮಯವೂ ಇಲ್ಲ, ಗ್ರಾಹಕರ ಆಯೋಗದಲ್ಲಿ ಕೇಳಲು ದಾಖಲೆಯೂ ಇಲ್ಲ.

ವಿನಿಮಯದ ಷರತ್ತನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಬೇರೆ ಒಡವೆಗೆ ಬದಲಾಯಿಸಿದರೆ ಎಷ್ಟು, ನಗದು ಕೇಳಿದರೆ ಎಷ್ಟು, ಆ ಶೇಕಡಾ ಇವತ್ತಿನ ಬಿಲ್‌ನ ಬೆಲೆಗೋ ಆ ದಿನದ ಬೆಲೆಗೋ, ಇವು ಬಿಲ್‌ನಲ್ಲೇ ಬರಲಿ. ಎರಡು ಅಂಗಡಿಗಳ ಬೆಲೆ ವ್ಯತ್ಯಾಸದ ಒಂದು ಪಾಲು ಇಲ್ಲಿರುತ್ತದೆ. ವಾಪಸ್ ತೆಗೆದುಕೊಳ್ಳುವ ಭರವಸೆಯ ಖರ್ಚನ್ನು ಅಂಗಡಿಯವರು ಮೊದಲೇ ಬೆಲೆಯಲ್ಲಿ ಸೇರಿಸಿರುತ್ತಾರೆ. ಮೇಕಿಂಗ್, ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಜ್ರವನ್ನು ಚಿನ್ನದ ಹಾಗೆ ಆಪತ್ಕಾಲದ ಹಣವೆಂದು ಎಣಿಸಿ ಕೊಳ್ಳಬೇಡಿ, ಮಗಳು ಹಾಕಿಕೊಂಡು ಸಂತೋಷಪಡಲಿ ಎಂದು ಕೊಳ್ಳಿ.

ನೋಡುವ ರೀತಿಯಲ್ಲೂ ಒಂದು ಶಿಷ್ಟಾಚಾರ ಇದೆ. ಬಿಡಿ ಕಲ್ಲನ್ನು ಬೆರಳಲ್ಲಿ ಎತ್ತಬೇಡಿ, ಎಣ್ಣೆಯಂಶ ಅಂಟಿ ಮಂಕಾಗುತ್ತದೆ. ಅವರು ಚಿಮಟದಲ್ಲಿ ಹಿಡಿದು ತೋರಿಸಲಿ, ಕೆಳಗೆ ಟ್ರೇ ಇರಲಿ. ಒಂದು ನೋಡಿ ಮುಗಿಸಿ, ಅವರು ಒಳಗಿಟ್ಟ ಮೇಲೆ ಇನ್ನೊಂದು ಕೇಳಿ. ಬಿಡಿ ವಜ್ರ ಬರುವುದು ಮಡಿಸಿದ ಕಾಗದದ ಪೊಟ್ಟಣದಲ್ಲಿ, ಅದರ ಒಳಪದರ ಹಲವು ಸಲ ತಿಳಿ ನೀಲಿ. ಆ ನೀಲಿಯ ಮೇಲೆ ತುಸು ಹಳದಿಯ ಕಲ್ಲೂ ಬೆಳ್ಳಗೆ ಕಾಣುತ್ತದೆ. ಅಪ್ಪಟ ಬಿಳಿ ಕಾಗದ ಕೇಳಿ, ಕಲ್ಲನ್ನು ತಲೆಕೆಳಗಾಗಿ ಇರಿಸಿ ಪಕ್ಕದಿಂದ ನೋಡಿ, ಬಣ್ಣ ಅಲ್ಲಿ ತಿಳಿಯುತ್ತದೆ. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಲ್ಲವೂ ಮಿನುಗುತ್ತದೆ. ಬಾಗಿಲ ಹತ್ತಿರದ ನೇರ ಬಿಸಿಲಿಲ್ಲದ ಬೆಳಕಿಗೆ ಬರಬಹುದೇ ಎಂದು ಕೇಳಿ, ಅವರೇ ಜೊತೆಗೆ ಬರುತ್ತಾರೆ. ಫೋಟೊ ತೆಗೆಯುವ ಮುಂಚೆ ಒಪ್ಪಿಗೆ ಪಡೆಯಿರಿ. ಅವರು ನಿಮಗಾಗಿ ಬರೆಸಿದ ಡಿಸೈನನ್ನು ಇನ್ನೊಬ್ಬರ ಬಳಿ ಮಾಡಿಸುವುದು ಮಾತ್ರ ಸರಿಯಲ್ಲ. ಬುಧವಾರ, ಗುರುವಾರದ ಬೆಳಗಿನ ಹೊತ್ತು ಹೋದರೆ ಒಳ್ಳೆಯದು. ಅಕ್ಷಯ ತೃತೀಯಾ ವೈಶಾಖದಲ್ಲೇ ಬರುತ್ತದೆ, ಆ ವಾರ ಹೋಲಿಸಿ ನೋಡುವ ಪುರುಸೊತ್ತು ನಿಮಗೂ ಸಿಗದು, ಅವರಿಗೂ ಇರದು.

‘ಇದು ಬೆಲ್ಜಿಯಂ ಕಟ್’, ‘ಇದು ಬ್ಲೂ ಜಾಗರ್’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ಹಳೆಯ ವಜ್ರಕೇಂದ್ರ, ಆ ಹೆಸರಿಗೆ ಅದರದೇ ಗೌರವ ಇದೆ. ಆದರೆ ಇಂದು ಲೋಕದ ಬಹುಪಾಲು ವಜ್ರ ಕಟ್ ಆಗುವುದು ಗುಜರಾತಿನ ಸೂರತ್‌ನಲ್ಲಿ. ಬೆಲ್ಜಿಯಂ ಕಟ್ ಎಂಬುದು ಯಾವ ವರದಿಯಲ್ಲೂ ಬರುವ ದರ್ಜೆಯಲ್ಲ. ಜಾಗರ್ ಎಂಬುದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರು. ಅಂಥ ಕಲ್ಲಿನ ನೀಲಿ ಛಾಯೆ ಅತಿನೇರಳೆ ಕಿರಣಕ್ಕೆ ಅದು ಹೊಳೆಯುವುದರಿಂದ ಬರುವಂಥದ್ದು. ನಮ್ಮ ಕಡೆಯ ಮನೆಗಳಲ್ಲಿ ಅದಕ್ಕೆ ಬೆಲೆ ಕೊಡುತ್ತಾರೆ, ಹೊರಗಿನ ಮಾರುಕಟ್ಟೆಯಲ್ಲಿ ಜೋರಾದ ನೀಲಿ ಹೊಳಪಿನ ಕಲ್ಲಿಗೆ ಬೆಲೆ ತಗ್ಗುವುದೇ ಹೆಚ್ಚು. ಕೆಲವು ಕಲ್ಲು ಬಿಸಿಲಲ್ಲಿ ಹಾಲಿನಂತೆ ಮಸುಕಾಗುತ್ತವೆ. ಇಷ್ಟವಾದರೆ ಕೊಳ್ಳಿ, ಹೆಸರಿಗಾಗಿ ಹೆಚ್ಚು ಕೊಡಬೇಡಿ.

ಅವರ ಓಲೆಯನ್ನು ಶೋರೂಮಿಗೆ ಒಯ್ದು ಪರೀಕ್ಷಿಸುವುದಕ್ಕೆ ನನ್ನ ಉತ್ತರ: ದಯವಿಟ್ಟು ಬೇಡ. ತಾನೂ ಮಾರಬೇಕೆಂದಿರುವವನ ಬಾಯಲ್ಲಿ ನಿಷ್ಪಕ್ಷಪಾತ ಮಾತು ಬರುವುದು ಕಷ್ಟ. ನಡುವೆ ಕಲ್ಲಿನ ಅಂಚು ಮುಕ್ಕಾದರೆ ಯಾರ ಕೈಯಲ್ಲಿ ಆಯಿತು ಎಂಬ ಜಗಳ ತೀರುವಂಥದ್ದಲ್ಲ. ಪೆನ್ನಿನ ಹಾಗಿರುವ ಟೆಸ್ಟರ್ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. ಉಷ್ಣ ಮಾತ್ರ ಅಳೆಯುವ ಟೆಸ್ಟರ್‌ಗೆ ವಜ್ರದಂತೆ ಕಾಣುವ ಮೊಯ್ಸನೈಟ್ ಎಂಬ ಬೇರೆ ಹರಳು ಕೂಡ ವಜ್ರವೇ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ನಿಜಕ್ಕೂ ವಜ್ರವೇ ಆದ್ದರಿಂದ ಟೆಸ್ಟರ್ ‘ಹೌದು’ ಎನ್ನುತ್ತದೆ. ಅದರ ಬೆಲೆ ಸಹಜ ವಜ್ರಕ್ಕಿಂತ ಬಹಳ ಕಡಿಮೆ, ಬೇರ್ಪಡಿಸಲು ಪ್ರಯೋಗಾಲಯದ ಉಪಕರಣವೇ ಬೇಕು. ಹೀಗೆ ಮಾಡಿ: ‘ಸಹಜ ವಜ್ರ’ ಎಂಬ ಪದ, ದರ್ಜೆ, ಪ್ರತಿ ಕಲ್ಲಿನ ತೂಕ ಬಿಲ್‌ನಲ್ಲಿ ಬರೆಸಿ. ಇಷ್ಟು ದಿನದೊಳಗೆ ಸ್ವತಂತ್ರ ಪರೀಕ್ಷೆಯಲ್ಲಿ ಬೇರೆ ಬಂದರೆ ಪೂರ್ತಿ ಹಣ ವಾಪಸ್ ಎಂದು ಒಂದು ಸಾಲು ಸೇರಿಸಿಕೊಡಿ ಎಂದು ಕೇಳಿ. ತಾವು ಮಾರುವ ಕಲ್ಲಿನ ಮೇಲೆ ನಂಬಿಕೆ ಇದ್ದವರು ಬರೆದುಕೊಡುತ್ತಾರೆ. ಹಳೆಯ ಚಿನ್ನ ಹಾಕುವವರಿದ್ದರೆ ಯಂತ್ರದಲ್ಲಿ ಶುದ್ಧತೆ ನೋಡಿಸಿ, ಕರಗಿಸಲು ಒಪ್ಪಿಗೆ ಕೊಡುವುದು ತೀರ್ಮಾನ ಆದ ಮೇಲೆ ಮಾತ್ರ. ಕರಗಿದ ಮೇಲೆ ಬೇರೆ ಅಂಗಡಿಗೆ ಹೋಗುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆ.

ಮೂರು ದಿನ ಮನೆಯಲ್ಲಿಟ್ಟುಕೊಳ್ಳುವುದು ಹಳೆಯ ಕಾಲದ ಅಂಗಡಿಗಳ ದೊಡ್ಡತನ. ಕಾಕಪಾದದ (ಕಾಗೆಯ ಕಾಲಿನಂಥ) ಗೆರೆ, ಕೆಂಪು ಚುಕ್ಕೆ ಇದ್ದರೆ ಕೆಡುಕು, ವಜ್ರ ಆಗಿಬರಬೇಕು ಎಂಬ ನಂಬಿಕೆ ರತ್ನಪರೀಕ್ಷೆಯ ಹಳೆಯ ಶಾಸ್ತ್ರದಿಂದ ಬಂದದ್ದು. ಹರಳಿನ ವಿಜ್ಞಾನದಲ್ಲಿ ಆ ಗೆರೆ-ಚುಕ್ಕೆಗಳು ಕಲ್ಲು ಹುಟ್ಟುವಾಗ ಒಳಗೆ ಉಳಿದ ಬಿರುಕು, ಬೇರೆ ಖನಿಜದ ಕಣ, ಅಷ್ಟೇ. ಮನೆಯ ಹಿರಿಯರಿಗೆ ನಂಬಿಕೆ ಇದ್ದರೆ ಇಟ್ಟು ನೋಡಿ, ವಾಪಸ್ ಕೊಡುವುದರಲ್ಲಿ ಅವಮಾನವಿಲ್ಲ, ಆ ಪದ್ಧತಿ ಇರುವುದೇ ಅದಕ್ಕೆ. ಆದರೆ ಕೊಳ್ಳುವ ಮನಸ್ಸು ಮುಕ್ಕಾಲು ಪಾಲು ಆದ ಮೇಲೆ ಮಾತ್ರ ತನ್ನಿ. ತೂಕ, ಕಲ್ಲಿನ ಎಣಿಕೆ, ಮರಳಿಸುವ ದಿನ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ. ಆ ಮೂರು ದಿನ ಅದನ್ನು ಹೊರಗೆ ಹಾಕಿಕೊಂಡು ಹೋಗಬೇಡಿ, ಬೇರೆ ಅಂಗಡಿಗೂ ಒಯ್ಯಬೇಡಿ. ಹೇಳಿದ ದಿನಕ್ಕೇ ಹಿಂದಿರುಗಿಸಿ, ಅವರು ಲೂಪ್‌ನಲ್ಲಿ ನೋಡಿ ಸರಿ ಎನ್ನುವವರೆಗೆ ಅಲ್ಲೇ ಕೂತಿರಿ.

ಎಲ್ಲಿ ಕೊಳ್ಳಬೇಕು ಎಂಬುದನ್ನು ನಾನು ಇಲ್ಲಿಂದ ಹೇಳಲಾರೆ. ಶೋರೂಮಿನಲ್ಲಿ ವಿನಿಮಯದ ನಿಯಮ ಮುದ್ರಿತವಾಗಿರುತ್ತದೆ, ಬೇರೆ ಊರಿನ ಶಾಖೆಯಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಮೇಕಿಂಗ್ ಮಾತ್ರ ಜಾಸ್ತಿ ಇರಬಹುದು. ಬೆಂಗಳೂರಿನಲ್ಲಿ ಆಯ್ಕೆ ಹೆಚ್ಚು, ಆದರೆ ಪ್ರಾಂಗ್ (ಕಲ್ಲನ್ನು ಹಿಡಿದಿಡುವ ಕೊಕ್ಕೆ) ಸಡಿಲವಾಗಿ ಕಲ್ಲು ಅಲ್ಲಾಡಿದರೆ, ತಿರುಪು ಸವೆದರೆ ಅಷ್ಟು ದೂರ ಹೋಗಬೇಕು. ಏಳು ಕಲ್ಲಿನ ಓಲೆಗೆ ಆ ರಿಪೇರಿ ಬಂದೇ ಬರುತ್ತದೆ. ಹಳೆಯ ಅಂಗಡಿಯವರು ದರ್ಜೆ, ತೂಕ, ವಾಪಸಿನ ಷರತ್ತು ಬಿಲ್‌ನಲ್ಲಿ ಬರೆದುಕೊಡಲು ಒಪ್ಪುವುದಾದರೆ, ಬೆಲೆಯಲ್ಲಿ ಸ್ವಲ್ಪ ಹೆಚ್ಚಿದ್ದರೂ ನಾನಾದರೆ ಅಲ್ಲೇ ಕೊಳ್ಳುತ್ತಿದ್ದೆ. ಬರೆದುಕೊಡಲು ಹಿಂಜರಿದರೆ ಎಷ್ಟು ವರ್ಷದ ನಂಟಿದ್ದರೂ ಕೊಳ್ಳುತ್ತಿರಲಿಲ್ಲ.

ಈಗ ಮೊದಲು ಮಾಡಬೇಕಾದ್ದು ಒಂದಿದೆ. ಈ ವಾರ ನೀವೇ ಅವರಲ್ಲಿಗೆ ಹೋಗಿ, ಮಗನೂ ಜೊತೆಗಿರಲಿ. ‘ಅಣ್ಣ, ನಿಮ್ಮ ಚೀಟಿ ಬೇರೆ ಕಡೆ ತೋರಿಸಬಾರದಿತ್ತು, ತಿಳಿಯದೆ ಆಯ್ತು. ನಾವಿನ್ನೂ ನೋಡ್ತಾ ಇದ್ದೀವಿ, ಇದೇ ತರಹದ್ದಕ್ಕೆ ನಿಮ್ಮ ಲೆಕ್ಕ ಬಿಡಿಸಿ ಕೊಡಿ’ ಎಂದು ನಿಮ್ಮದೇ ಚೀಟಿ ಕೊಡಿ. ಬೆಲೆ ಹೆಚ್ಚೆನಿಸಿದರೆ ಬೇರೆಯವರ ಹೆಸರೆತ್ತದೆ ‘ನಮ್ಮ ಕೈಲಿ ಇಷ್ಟು ಆಗುತ್ತೆ’ ಎಂದು ಒಂದೇ ಸಲ ಹೇಳಿ. ಅವರು ಇಳಿಸಿದ ಬೆಲೆ ಹಿಡಿದು ಶೋರೂಮಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ ಓಡಾಡಬೇಡಿ. ಕೊನೆಗೆ ಬೇರೆ ಕಡೆ ಕೊಂಡರೆ ಅದನ್ನೂ ಅವರಿಗೆ ನೀವೇ ಫೋನ್ ಮಾಡಿ ತಿಳಿಸಿ. ಜಾಂಗಡ್ ಮೇಲೆ ತರಿಸಿದ ಕಲ್ಲೇನಾದರೂ ಇದ್ದರೆ ಅವತ್ತೇ ಕಳಿಸಲು ಅವರಿಗೆ ಅನುಕೂಲವಾಗುತ್ತದೆ.